ಗಣಕಯಂತ್ರದ ಒತ್ತೆಸೆರೆ: ಗುರುತಿಸುವ ಬಗೆಯೂ ನಿವಾರಣೋಪಾಯವೂ

ಇತಿಹಾಸದ ಅಧ್ಯಾಪಕರು ಗಣಕಯಂತ್ರದ ವ್ಯಾಧಿಗಳನ್ನು ಕುರಿತು ಬರೆಯುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಆಕರಸಾಮಗ್ರಿಯ ಬಹುಭಾಗವು ಇಂದು ಆ ಯಂತ್ರದ ಹೊಟ್ಟೆಯಲ್ಲಿಯೇ ಇರುವುದರಿಂದ, ಅದರ ಕ್ಷೇಮವನ್ನು ಬೇರೆಯವರಿಗೆ ಬಿಟ್ಟು ನಾವು ನಿಶ್ಚಿಂತರಾಗಿರುವಂತಿಲ್ಲ. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಕ್ರಿ.ಶ. ನಾಲ್ಕನೆಯ ಶತಮಾನದ್ದು, ವಿದ್ವಾಂಸರು ಅದನ್ನು ಓದಿ ಅಚ್ಚು ಹಾಕಿಸಿದ್ದಾರೆ. ೨೦೨೧ನೆಯ ಇಸವಿಯ ಜೂನ್ ತಿಂಗಳಿನ ಒಂದು ಮಧ್ಯಾಹ್ನ, ನಾವು ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಆರು ವರ್ಷ ಅಲೆದು ತೆಗೆದಿದ್ದ ಶಾಸನ-ವೀರಗಲ್ಲುಗಳ ಛಾಯಾಚಿತ್ರಗಳಲ್ಲಿ ಒಂದೂ ತೆರೆಯದಂತಾಯಿತು. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಕೊಟ್ಟೂರು ಸಮೀಪದ ಅಂಬಳಿ, ಮಾಗಳ, ನೀಲಗುಂದ, ಎಲ್ಲವೂ ಅದರಲ್ಲಿದ್ದವು. ಆಗ ಏನು ಮಾಡಬೇಕಾಗಿತ್ತೆಂಬುದು ನಮಗೆ ತಿಳಿದದ್ದು ತಡವಾಗಿ. ನಮ್ಮ ಸಹೋದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಅದು ಮೊದಲೇ ತಿಳಿದಿರಲೆಂಬುದೇ ಈ ಲೇಖನದ ಉದ್ದೇಶ.

ಈ ಬಗೆಯ ತಂತ್ರಾಂಶಕ್ಕೆ ಲೋಕದಲ್ಲಿ ರ‍್ಯಾನ್ಸಮ್‌ವೇರ್ ಎಂಬ ಹೆಸರು ರೂಢಿಯಾಗಿದೆ. ನಮ್ಮ ಭಾಷೆಯ ‘ಒತ್ತೆ’ ಎಂಬ ಮಾತು ಇದಕ್ಕೆ ಹತ್ತಿರದ್ದು. ಕೊಡಬೇಕಾದ ಹಣ ಸಲ್ಲುವವರೆಗೆ ಎದುರಾಳಿಯ ವಶದಲ್ಲಿ ಇರುವ ವಸ್ತು ಅಥವಾ ವ್ಯಕ್ತಿಯೇ ಒತ್ತೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದ ಮೇರೆಗೆ ಟೀಪು ಸುಲ್ತಾನನು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು, ಹಣ ಸಲ್ಲಿಸಿ, ೧೭೯೪ರಲ್ಲಿ ಮರಳಿ ಪಡೆದನೆಂಬುದು ಸರ್ವವಿದಿತ. ಅಲ್ಲಿ ಎದುರಾಳಿ ಯಾರೆಂಬುದು ತಿಳಿದಿತ್ತು, ಕರಾರು ಬರವಣಿಗೆಯಲ್ಲಿತ್ತು, ಮಾತಿಗೆ ತಪ್ಪಿದರೆ ಅಪಕೀರ್ತಿಯ ಭಯವಿತ್ತು. ಗಣಕಯಂತ್ರದ ಒತ್ತೆಯಲ್ಲಿ ಈ ಮೂರೂ ಇಲ್ಲ. ಹಣ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಈ ಭೇದವನ್ನು ನೆನಪಿಡಬೇಕು.

ಇದರ ಇತಿಹಾಸ ಬಹು ಹಳೆಯದಲ್ಲ. ೧೯೮೯ರ ಡಿಸೆಂಬರಿನಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿಯು ಏಡ್ಸ್ ರೋಗದ ಮಾಹಿತಿಯೆಂದು ಹೇಳಿ ಸುಮಾರು ೨೦,೦೦೦ ಫ್ಲಾಪಿ ತಟ್ಟೆಗಳನ್ನು ಅಂಚೆಯ ಮೂಲಕ ಕಳುಹಿಸಿದನು. ಯಂತ್ರವನ್ನು ತೊಂಬತ್ತು ಬಾರಿ ಚಾಲೂ ಮಾಡುವವರೆಗೆ ಸುಮ್ಮನಿದ್ದು, ಅನಂತರ ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ ೧೮೯ ಡಾಲರು ಕಳುಹಿಸಬೇಕೆಂದು ಅದು ಕೇಳುತ್ತಿತ್ತು. ಬೀಗ ಹಾಕಿದ ಕೀಲಿಯು ಆ ತಂತ್ರಾಂಶದ ಒಳಗೇ ಇದ್ದುದರಿಂದ ಬಿಡಿಸುವುದು ಕಷ್ಟವಾಗಲಿಲ್ಲ. ಗಾಬರಿಯಿಂದ ಇದ್ದಬದ್ದುದನ್ನೆಲ್ಲ ಅಳಿಸಿಹಾಕಿದವರಿಗೆ ಮಾತ್ರ ನಷ್ಟ ಶಾಶ್ವತವಾಯಿತು. ಆ ಕಾಲದಿಂದಲೂ ಈ ವ್ಯಾಧಿಗಿಂತ ಗಾಬರಿಯೇ ಹೆಚ್ಚು ಕೆಡುಕನ್ನು ಮಾಡುತ್ತ ಬಂದಿದೆ. ೧೯೯೬ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ವಿದ್ವಾಂಸರು, ಬೀಗ ಹಾಕುವ ಕೀಲಿಯೂ ತೆಗೆಯುವ ಕೀಲಿಯೂ ಬೇರೆಬೇರೆಯಾಗಿದ್ದಲ್ಲಿ ಇಂಥ ಸುಲಿಗೆಗೆ ಪರಿಹಾರವೇ ಇರದೆಂದು ಎಚ್ಚರಿಸಿದರು. ೨೦೧೩ರ ಕ್ರಿಪ್ಟೋಲಾಕರ್ ಅದನ್ನು ಸಾಧಿಸಿ ತೋರಿಸಿತು.

ಎರಡು ಕೀಲಿಗಳ ಈ ವ್ಯವಸ್ಥೆ ವಿದ್ಯಾರ್ಥಿಗಳಿಗೆ ಕಷ್ಟವೆನಿಸುವುದುಂಟು. ನಾವು ತರಗತಿಯಲ್ಲಿ ದೇವಸ್ಥಾನದ ಹುಂಡಿಯ ಉದಾಹರಣೆಯನ್ನು ಕೊಡುತ್ತೇವೆ. ಜಾತ್ರೆಯ ದಿನ ಹುಂಡಿಯ ಸೀಳಿನಲ್ಲಿ ಕಾಣಿಕೆಯನ್ನು ಯಾರಾದರೂ ಹಾಕಬಹುದು. ಹಾಕಿದವನೇ ಬಂದರೂ ಅದನ್ನು ಹೊರಗೆ ತೆಗೆಯಲಾರ, ಬೀಗದ ಕೈ ಇದ್ದವರು ಬೇಕು. ದುಷ್ಟ ತಂತ್ರಾಂಶವು ನಮ್ಮ ಕಡತಗಳನ್ನು ಒಂದು ಸಾಮಾನ್ಯ ಕೀಲಿಯಿಂದ ಬೇಗಬೇಗನೆ ಮುಚ್ಚುತ್ತದೆ. ಬಳಿಕ ಆ ಕೀಲಿಯನ್ನು ಹುಂಡಿಯೊಳಗೆ ಹಾಕಿ, ಹೊರಗಿನ ಪ್ರತಿಯನ್ನು ಅಳಿಸಿಬಿಡುತ್ತದೆ. ಹುಂಡಿ ನಮ್ಮ ಯಂತ್ರದಲ್ಲಿಯೇ ಇರುತ್ತದೆ. ಅದರ ಬೀಗದ ಕೈ ದೂರದೇಶದ ಕಳ್ಳನಲ್ಲಿರುತ್ತದೆ. ಇದಿಷ್ಟನ್ನು ಗ್ರಹಿಸಿದರೆ, ಊರಿನ ದುರಸ್ತಿ ಅಂಗಡಿಯವರು “ನಾಳೆ ಬಿಡಿಸಿಕೊಡುತ್ತೇವೆ” ಎಂದಾಗ ಏಕೆ ನಂಬಬಾರದೆಂಬುದು ತಾನೇ ತಿಳಿಯುತ್ತದೆ.

ಇನ್ನು ಗುರುತಿಸುವ ವಿಷಯ. ನಮ್ಮ ಭಾಗದಲ್ಲಿ ಒತ್ತೆಸೆರೆಯಲ್ಲದ್ದನ್ನೇ ಒತ್ತೆಸೆರೆಯೆಂದು ಭ್ರಮಿಸುವವರು ಹೆಚ್ಚು. ಮೊದಲು ಅದನ್ನು ವಿವೇಚಿಸುವುದು ಒಳ್ಳೆಯದು. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ, ಕನ್ನಡವೆಲ್ಲ ರೋಮನ್ ಅಕ್ಷರಗಳ ಅರ್ಥಹೀನ ಸಾಲಾಗಿ ಕಾಣುತ್ತದೆ. “ವೈರಸ್ಸು ತಿಂದುಹಾಕಿತು” ಎಂದು ಕಣ್ಣೀರು ತಂದುಕೊಂಡು ಬಂದ ವಿದ್ಯಾರ್ಥಿನಿಯೊಬ್ಬಳ ಪ್ರಬಂಧವು ನುಡಿಯನ್ನು ಸ್ಥಾಪಿಸಿದೊಡನೆ ಯಥಾಸ್ಥಿತಿಗೆ ಬಂದುದನ್ನು ನಾವು ಕಂಡಿದ್ದೇವೆ. ಎರಡನೆಯದು, ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಗಳಿಂದ ಪೆನ್‌ಡ್ರೈವಿಗೆ ಅಂಟಿಬರುವ ಶಾರ್ಟ್‌ಕಟ್ ವೈರಸ್ಸು. ಅದು ಕಡತಗಳನ್ನು ಬಚ್ಚಿಡುತ್ತದೆ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳನ್ನು ನಿಲ್ಲಿಸುತ್ತದೆ, ಕಡತಗಳಿಗೆ ಹಾನಿಯಿಲ್ಲ. ಮೂರನೆಯದು, ಅಂತರ್ಜಾಲವನ್ನು ನೋಡುತ್ತಿರುವಾಗ ಪರದೆಯ ತುಂಬ ಹರಡಿಕೊಂಡು, ಯಂತ್ರವನ್ನು ಪೊಲೀಸರು ಮುಟ್ಟುಗೋಲು ಹಾಕಿದ್ದಾರೆ, ಈ ಸಂಖ್ಯೆಗೆ ಕರೆಮಾಡಿ ಎಂದು ಕೂಗಿಕೊಳ್ಳುವ ಪುಟ. ಅದು ಬರಿಯ ಬೆದರಿಕೆ. ಬ್ರೌಸರನ್ನು ಮುಚ್ಚಿ, ಒಂದು ಛಾಯಾಚಿತ್ರವನ್ನು ತೆರೆದು ನೋಡಿದರೆ ಅದು ತೆರೆಯುತ್ತದೆ.

ನಿಜವಾದ ಒತ್ತೆಸೆರೆಯ ಲಕ್ಷಣಗಳು ಬೇರೆ. ಏನೂ ಕೆಲಸವಿಲ್ಲದೆಯೇ ಯಂತ್ರದ ಬೀಸಣಿಗೆ ಜೋರಾಗಿ ತಿರುಗುತ್ತದೆ, ಡಿಸ್ಕಿನ ದೀಪ ಎಡೆಬಿಡದೆ ಮಿನುಗುತ್ತದೆ. ಚಿತ್ರಗಳ ಚಿಕ್ಕ ಪ್ರತಿರೂಪಗಳು ಮಾಯವಾಗಿ ಬಿಳಿಯ ಹಾಳೆಯ ಗುರುತುಗಳು ಉಳಿಯುತ್ತವೆ. ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಒಂದೇ ಅಪರಿಚಿತ ಬಾಲ ಸೇರಿರುತ್ತದೆ. ವಿಂಡೋಸ್ ವ್ಯವಸ್ಥೆಯು ಕಡತದ ಬಾಲವನ್ನು ಸಾಧಾರಣವಾಗಿ ಮರೆಮಾಡುವುದರಿಂದ, ಅದನ್ನು ತೋರಿಸುವಂತೆ ಮೊದಲೇ ಏರ್ಪಡಿಸಿಕೊಂಡಿರುವುದು ಲೇಸು. ಎಲ್ಲಕ್ಕಿಂತ ಖಚಿತವಾದ ಗುರುತೆಂದರೆ ಪ್ರತಿ ಕಡತಕೋಶದಲ್ಲಿಯೂ ಬಿಟ್ಟುಹೋದ ಓಲೆ. ನಮ್ಮಲ್ಲಿ ಅದರ ಹೆಸರು ‘ರೀಡ್‌ಮೀ’ ಎಂದಿತ್ತು. ೯೮೦ ಡಾಲರು ಕೊಡಬೇಕೆಂದೂ, ೭೨ ಗಂಟೆಗಳೊಳಗೆ ಕೊಟ್ಟರೆ ೪೯೦ ಡಾಲರು ಸಾಕೆಂದೂ ಇತ್ತು. ಅರ್ಧ ಬೆಲೆಯ ಈ ಆಮಿಷವು ಯಾವ ಜವಳಿ ಅಂಗಡಿಯ ಆಷಾಢದ ಮಾರಾಟಕ್ಕೂ ಕಡಮೆಯದಲ್ಲ.

ವ್ಯಾಧಿ ಬಂದ ದಾರಿಯನ್ನೂ ಮುಚ್ಚಿಡದೆ ಹೇಳಬೇಕು. ಸವೆದ ಶಾಸನಗಳ ಅಕ್ಷರಗಳನ್ನು ಸ್ಫುಟಗೊಳಿಸಲು ಬೆಲೆಬಾಳುವ ಚಿತ್ರಸಂಸ್ಕರಣ ತಂತ್ರಾಂಶವೊಂದನ್ನು ಬೆಲೆ ಕೊಡದೆ ಪಡೆಯಲು ನಾವು ಹೊರಟೆವು. ಆ ‘ಕ್ರ್ಯಾಕ್’ ಪ್ರತಿಯನ್ನು ಕೊಟ್ಟ ತಾಣವು, ಸ್ಥಾಪಿಸುವ ಮುನ್ನ ರಕ್ಷಕ ತಂತ್ರಾಂಶವನ್ನು ಆರಿಸಬೇಕೆಂದು ಹೇಳಿತ್ತು, ಆರಿಸಿದೆವು. ಕಳ್ಳನು ಬಾಗಿಲು ತೆರೆಯೆಂದರೆ ತೆರೆದು ಕೊಟ್ಟಂತಾಯಿತು. ವಿಂಡೋಸ್ ನವೀಕರಣವಾಗುತ್ತಿದೆಯೆಂಬ ಹುಸಿ ಕಿಟಕಿಯೊಂದು ಪರದೆಯ ಮೇಲೆ ಬಂದಿತು. ಅದು ಮುಗಿಯಲೆಂದು ನಾವು ಊಟಕ್ಕೆ ಎದ್ದೆವು. ಗಿಂಪ್ ಎಂಬ ಉಚಿತ ತಂತ್ರಾಂಶದಿಂದಲೇ ನಮ್ಮ ಕೆಲಸ ಸಾಗುತ್ತಿತ್ತೆಂಬುದು ಆಮೇಲೆ ತಿಳಿಯಿತು. ಈ ಕುಟುಂಬದ ತಂತ್ರಾಂಶಕ್ಕೆ ಸ್ಟಾಪ್ ಅಥವಾ ಡೆಜಾವು ಎಂದು ಹೆಸರು. ೨೦೧೮ರಿಂದ ಕೆಲವು ವರ್ಷಗಳ ಕಾಲ ಮನೆಯ ಗಣಕಯಂತ್ರಗಳನ್ನು ಅತಿ ಹೆಚ್ಚಾಗಿ ಕಾಡಿದ್ದು ಇದೇ. ಹರಡಿದ್ದು ಬಹುಮಟ್ಟಿಗೆ ಇಂಥ ಕದ್ದ ತಂತ್ರಾಂಶಗಳ ಮೂಲಕವೇ. ಇತರ ದಾರಿಗಳೂ ಇವೆ: ಮಿಂಚಂಚೆಯ ಅಡಕ, ದುರಸ್ತಿ ಕಾಣದ ಹಳೆಯ ವ್ಯವಸ್ಥೆ. ೨೦೧೭ರ ಮೇ ೧೨ರಂದು ಹೊರಟ ವಾನಾಕ್ರೈ ಎಂಬುದು ಯಾರೂ ಏನನ್ನೂ ಒತ್ತದೆಯೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಯಂತ್ರಗಳನ್ನು ಹಿಡಿಯಿತು. ನೆರೆಯ ಆಂಧ್ರಪ್ರದೇಶದ ಪೊಲೀಸು ಇಲಾಖೆಯ ಗಣಕಗಳೂ ಅವುಗಳಲ್ಲಿದ್ದವು. ಆ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ ಕೊಟ್ಟಿತ್ತು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಅದನ್ನೇ ಇಟ್ಟುಕೊಂಡಿರುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಕಡಮೆಯಿಲ್ಲ.

ಲಕ್ಷಣ ಕಂಡೊಡನೆ ಮಾಡತಕ್ಕ ಮೊದಲ ಕೆಲಸವೆಂದರೆ ಸಂಪರ್ಕವನ್ನು ಕಡಿಯುವುದು. ಅಂತರ್ಜಾಲದ ತಂತಿಯನ್ನು ಕೀಳಬೇಕು, ವೈಫೈ ಆರಿಸಬೇಕು, ಪೆನ್‌ಡ್ರೈವನ್ನೂ ಹೊರಡಿಸ್ಕನ್ನೂ ತೆಗೆಯಬೇಕು. ಅಷ್ಟಾದರೂ ಯಂತ್ರದೊಳಗಿನ ಕೆಲಸ ನಿಲ್ಲುವುದಿಲ್ಲ. ಕಡತಗಳು ಇನ್ನೂ ಬದಲಾಗುತ್ತಿವೆಯೆಂದು ಕಂಡರೆ ಯಂತ್ರವನ್ನು ಆರಿಸಬೇಕೇ ಬೇಡವೇ ಎಂಬಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆರಿಸಿದರೆ ಸ್ಮೃತಿಯಲ್ಲಿ ಉಳಿದಿರಬಹುದಾದ ಕೀಲಿಯ ಕುರುಹು ಅಳಿಯುತ್ತದೆ. ವಾನಾಕ್ರೈಗೆ ತುತ್ತಾದ ಕೆಲವು ಹಳೆಯ ವಿಂಡೋಸ್ ಯಂತ್ರಗಳಲ್ಲಿ, ಆರಿಸದೆ ಬಿಟ್ಟಿದ್ದರಿಂದಲೇ, ಕೀಲಿಯನ್ನು ಮರಳಿ ಕಟ್ಟಲು ಸಾಧ್ಯವಾಯಿತು. ಆದರೆ ಅದು ಅಪವಾದ. ಮನೆಯ ಯಂತ್ರದ ಮಟ್ಟಿಗೆ, ಬೀಗ ಬೀಳುತ್ತಿರುವಾಗ ವಿದ್ಯುತ್ತನ್ನು ತಪ್ಪಿಸುವುದೇ ಸರಿಯೆಂದು ನಮ್ಮ ಅಭಿಪ್ರಾಯ. ನಾವು ಊಟಕ್ಕೆ ಏಳದೆ ಆಗಲೇ ಆರಿಸಿದ್ದರೆ ಅರ್ಧವಾದರೂ ಉಳಿಯುತ್ತಿತ್ತು.

ಎರಡನೆಯದಾಗಿ, ಓಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಓಲೆಯನ್ನಾಗಲಿ ಬೀಗಬಿದ್ದ ಕಡತಗಳನ್ನಾಗಲಿ ಅಳಿಸಬಾರದು. ಅವುಗಳ ಹೆಸರನ್ನು ತಿದ್ದುವುದರಿಂದ ಏನೂ ಪ್ರಯೋಜನವಿಲ್ಲ. ಅಂಗಡಿಗೆ ಒಯ್ದರೆ ಮೊದಲ ಸಲಹೆಯೇ “ಫಾರ್ಮ್ಯಾಟ್ ಮಾಡೋಣ” ಎಂಬುದು. ನಮ್ಮ ಪರಿಚಯದ ಅಧ್ಯಾಪಕರೊಬ್ಬರ ಯಂತ್ರವನ್ನು ಹೀಗೆಯೇ ಒಂದು ಗಂಟೆಯಲ್ಲಿ ಶುಚಿಮಾಡಿ ಕೊಟ್ಟರು. ಅದರೊಂದಿಗೆ ಹನ್ನೆರಡು ವರ್ಷದ ಟಿಪ್ಪಣಿಗಳೂ ಶುಚಿಯಾದವು. ಮೊದಲು ಬೀಗಬಿದ್ದ ಕಡತಗಳನ್ನೂ ಓಲೆಯನ್ನೂ ಒಂದು ಖಾಲಿ ಹೊರಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಯಂತ್ರವನ್ನು ಶುಚಿಮಾಡುವುದು ಆಮೇಲಿನ ಮಾತು.

ಬಳಿಕ, ಬೇರೊಂದು ಶುದ್ಧವಾದ ಯಂತ್ರದಿಂದ, ಇದು ಯಾವ ಜಾತಿಯದೆಂದು ಕಂಡುಹಿಡಿಯಬೇಕು. ೨೦೧೬ರ ಜುಲೈನಲ್ಲಿ ನೆದರ್ಲೆಂಡ್ಸ್ ದೇಶದ ಪೊಲೀಸರು, ಯೂರೋಪಿನ ಯೂರೋಪೋಲ್ ಮತ್ತು ಎರಡು ರಕ್ಷಕ ತಂತ್ರಾಂಶ ಸಂಸ್ಥೆಗಳು ಕೂಡಿ ಸ್ಥಾಪಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣವು ಇದಕ್ಕೆ ಉಚಿತವಾಗಿ ನೆರವಾಗುತ್ತದೆ. ಓಲೆಯನ್ನೂ ಒಂದು ಕಡತವನ್ನೂ ಒಪ್ಪಿಸಿದರೆ ಜಾತಿಯನ್ನು ಹೇಳಿ, ಬಿಡಿಸುವ ಸಾಧನವಿದ್ದರೆ ಅದನ್ನೂ ಕೊಡುತ್ತದೆ. ಶಾಸನದ ಲಿಪಿಯನ್ನು ನೋಡಿ ಕಾಲವನ್ನು ನಿರ್ಣಯಿಸುವಂತೆಯೇ ಇದು. ಡೆಜಾವುವಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದು ಬೀಗ ಹಾಕುವ ಮುನ್ನ ತನ್ನ ಒಡೆಯನ ಯಂತ್ರವನ್ನು ಸಂಪರ್ಕಿಸಿ ಪ್ರತಿ ಮನೆಗೂ ಪ್ರತ್ಯೇಕ ಕೀಲಿಯನ್ನು ತರಿಸಿಕೊಳ್ಳುತ್ತದೆ. ಸಂಪರ್ಕ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಸಾಮಾನ್ಯ ಕೀಲಿಯನ್ನು ಬಳಸುತ್ತದೆ. ಓಲೆಯಲ್ಲಿ ಕೊಟ್ಟಿರುವ ಗುರುತಿನ ಸಂಖ್ಯೆಯು ‘ಟಿ೧’ ಎಂದು ಕೊನೆಗೊಂಡಿದ್ದರೆ ಅದು ಸಾಮಾನ್ಯ ಕೀಲಿ. ಆ ಕೀಲಿ ಒಮ್ಮೆ ಬಯಲಾದರೆ ಅದರಿಂದ ಬೀಗಬಿದ್ದ ಎಲ್ಲರಿಗೂ ಬಿಡುಗಡೆ. ಎಮ್ಸಿಸಾಫ್ಟ್ ಎಂಬ ಸಂಸ್ಥೆಯು ೨೦೧೯ರ ಅಕ್ಟೋಬರಿನಲ್ಲಿ ಹೊರತಂದ ಉಚಿತ ಸಾಧನವು, ಅಂದು ತಿಳಿದಿದ್ದ ೧೬೦ ಪ್ರಭೇದಗಳಲ್ಲಿ ೧೪೮ಕ್ಕೆ ನೆರವಾಗುವಂಥದ್ದು. ಅನಂತರ ಹುಟ್ಟಿದ ಪ್ರಭೇದಗಳಲ್ಲಿ ಪ್ರತ್ಯೇಕ ಕೀಲಿ ಬಿದ್ದಿದ್ದರೆ ಅದೂ ನಿರುಪಾಯ. ನಮ್ಮ ಸಂಖ್ಯೆ ‘ಟಿ೧’ ಎಂದು ಕೊನೆಗೊಂಡಿರಲಿಲ್ಲ. ಎಂದೂ ನೆಟ್ಟಗಿರದ ನಮ್ಮೂರಿನ ಅಂತರ್ಜಾಲವು ಅಂದು ಮಾತ್ರ ಚೆನ್ನಾಗಿತ್ತು.

ಹಾಗಾದರೆ ಹಣ ಕೊಡಬಹುದೇ? ೪೯೦ ಡಾಲರೆಂದರೆ ಅಂದಿನ ಲೆಕ್ಕದಲ್ಲಿ ಸುಮಾರು ೩೬,೦೦೦ ರೂಪಾಯಿ. ಅತಿಥಿ ಉಪನ್ಯಾಸಕರಾಗಿ ನಮಗೆ ಆಗ ಸಲ್ಲುತ್ತಿದ್ದುದು ತಿಂಗಳಿಗೆ ೧೧,೦೦೦. ಆದರೂ ಎರಡು ರಾತ್ರಿ ನಾವು ಅದನ್ನೇ ಯೋಚಿಸಿದೆವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ದಾರಿಬದಿಯ ವೀರಗಲ್ಲು ರಸ್ತೆ ಅಗಲಿಸುವ ಕಾಲದಲ್ಲಿ ಕಾಣೆಯಾಗಿತ್ತು. ಅದರ ಚಿತ್ರ ನಮ್ಮಲ್ಲಿ ಮಾತ್ರವಿತ್ತು. ಕೊಡದಿರಲು ಎರಡು ಕಾರಣಗಳು ಕೊನೆಗೆ ಗೆದ್ದವು. ಕೊಟ್ಟವರಿಗೆಲ್ಲ ಕೀಲಿ ಸಿಗುತ್ತದೆಂಬ ಭರವಸೆಯಿಲ್ಲ; ಮತ್ತು ಕೊಟ್ಟ ಹಣದಿಂದಲೇ ಮುಂದಿನ ಮನೆಗೆ ಕನ್ನ ಬೀಳುತ್ತದೆ. ಜೀವ ಉಳಿಸುವ ಆಸ್ಪತ್ರೆಯಂಥವು ಬೇರೆ ನಿರ್ಣಯಕ್ಕೆ ಬಂದರೆ ಅವರನ್ನು ನಿಂದಿಸಲು ನಾವು ಸಿದ್ಧರಿಲ್ಲ. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಗಳು ಹೀಗೆ ಸೆರೆಯಾದಾಗ, ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕಾಗದದ ಮೇಲೆ ಕೈಬರಹದಲ್ಲಿಯೇ ನಡೆಸಬೇಕಾಯಿತು.

ಹಣ ಕೊಡದೆಯೂ ಒಂದಷ್ಟು ಕೈಗೆ ಬಂದುದನ್ನು ಇಲ್ಲಿ ವಿವರವಾಗಿ ಹೇಳಬೇಕು. ಇದು ಬಹಳ ಮಂದಿಗೆ ತಿಳಿಯದು. ಬೇಗ ಮುಗಿಸುವ ಆತುರದಲ್ಲಿ ಡೆಜಾವು ಪ್ರತಿ ಕಡತದ ಮೊದಲ ೧೫೦ ಕಿಲೋಬೈಟುಗಳಷ್ಟನ್ನು ಮಾತ್ರ ಗೂಢಲಿಪಿಗೆ ತಿರುಗಿಸುತ್ತದೆ. ಉಳಿದುದು ಹಾಗೆಯೇ ಇರುತ್ತದೆ. ಆದುದರಿಂದ ಚಿಕ್ಕ ಕಡತಗಳು, ಎಂದರೆ ಅಂಕಪಟ್ಟಿ, ಪತ್ರ, ಹತ್ತು ಪುಟದ ಲೇಖನ, ಪೂರ್ತಿಯಾಗಿ ಹೋಗುತ್ತವೆ. ದೊಡ್ಡವು ತಲೆಯನ್ನು ಮಾತ್ರ ಕಳೆದುಕೊಳ್ಳುತ್ತವೆ. ಹಟ್ಟಿಗಳಲ್ಲಿಯೂ ಮೈಲಾರದ ಗೊರವರಲ್ಲಿಯೂ ನಾವು ಮುದ್ರಿಸಿಕೊಂಡಿದ್ದ ಹಾಡುಗಳು ವೇವ್ ಎಂಬ ರೂಪದಲ್ಲಿದ್ದವು. ಆ ರೂಪದಲ್ಲಿ ಒಂದು ಸೆಕೆಂಡಿನ ಧ್ವನಿಗೆ ೧,೭೬,೪೦೦ ಬೈಟುಗಳು ಬೇಕು. ಎಂದರೆ ನಷ್ಟವಾದುದು ಒಂದು ಸೆಕೆಂಡಿಗೂ ಕಡಮೆ! ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕಚ್ಚಾ ದತ್ತಾಂಶವಾಗಿ ತೆರೆದಾಗ, ಮೊದಲಿಗೆ ಒಂದು ಕ್ಷಣ ಕರಕರ ಸದ್ದು, ಅನಂತರ ಸ್ಪಷ್ಟವಾದ ಕಂಠ. ಅದೇ ವರ್ಷದ ಮೇ ತಿಂಗಳಿನಲ್ಲಿ ಕೋವಿಡಿನಿಂದ ತೀರಿಕೊಂಡ ಅಜ್ಜಿಯೊಬ್ಬರ ನಲವತ್ತು ನಿಮಿಷದ ಹಾಡು ಹೀಗೆ ಉಳಿಯಿತು. ಎಂಪಿ೩ ರೂಪದವು ಸುಮಾರು ಹತ್ತು ಸೆಕೆಂಡುಗಳನ್ನು ಕಳೆದುಕೊಂಡು ಉಳಿದವು. ಛಾಯಾಚಿತ್ರಗಳದು ಮಿಶ್ರ ಫಲ. ಚಿತ್ರವನ್ನು ಬಿಡಿಸುವ ಸೂತ್ರಗಳು ಕಡತದ ತಲೆಯಲ್ಲಿರುವುದರಿಂದ, ಅದೇ ಕ್ಯಾಮರಾದ ಬೇರೊಂದು ಚಿತ್ರದ ತಲೆಯನ್ನು ಕಸಿಮಾಡಬೇಕಾಗುತ್ತದೆ. ಹಾಗೆ ಕೂಡಿಸಿದಾಗ ಕೆಲವು ಚಿತ್ರಗಳ ಕೆಳಭಾಗ, ಬಣ್ಣಗೆಟ್ಟು, ಓದಲು ಬಂದಿತು. ಶಾಸನಗಳಲ್ಲಿ ರಾಜನ ಬಿರುದುಗಳು ಮೇಲೆ, ದತ್ತಿಯ ವಿವರ ಕೆಳಗೆ. ಬಿರುದು ಹೋಗಿ ಭೂಮಿಯ ಅಳತೆ ಉಳಿದುದು ನಮ್ಮ ಅಧ್ಯಯನಕ್ಕೆ ಲಾಭವೇ. ವಿದ್ಯಾರ್ಥಿಗಳಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ನೂರಾರು ಚಿತ್ರಗಳೂ ಅವರ ಮೊಬೈಲುಗಳಿಂದ ಹಿಂದಿರುಗಿದವು. ಅವು ಕುಗ್ಗಿದ ಪ್ರತಿಗಳು, ಸವೆದ ಅಕ್ಷರ ಅವುಗಳಲ್ಲಿ ತಿಳಿಯದು.

ಕಡತಗಳ ಚಿಂತೆಯಲ್ಲಿ ಮರೆತುಹೋಗುವ ಅಪಾಯ ಇನ್ನೊಂದಿದೆ. ಈ ಕುಟುಂಬದ ತಂತ್ರಾಂಶವು ಹಲವೊಮ್ಮೆ ಜೊತೆಯಲ್ಲಿ ಗುಪ್ತಪದಗಳನ್ನು ಕದಿಯುವ ಸಂಗಾತಿಯನ್ನೂ ಕರೆತರುತ್ತದೆ. ಬ್ರೌಸರಿನಲ್ಲಿ ನೆನಪಿಟ್ಟ ಬ್ಯಾಂಕು, ಮಿಂಚಂಚೆ, ವಿಶ್ವವಿದ್ಯಾನಿಲಯದ ಅಂಕ ತುಂಬುವ ತಾಣ, ಇವುಗಳ ಗುಪ್ತಪದಗಳನ್ನು ಅದೇ ದಿನ, ಆದರೆ ಬೇರೆ ಯಂತ್ರದಿಂದ, ಬದಲಿಸತಕ್ಕದ್ದು. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಮನೆಯಿಂದಲೇ ದಾಖಲಿಸಬಹುದು. ಹಣ ಹೋಗಿದ್ದರೆ ೧೯೩೦ ಸಂಖ್ಯೆಗೆ ಕೂಡಲೇ ಕರೆಮಾಡಬೇಕು. ಜಿಲ್ಲೆಯ ಸಿ.ಇ.ಎನ್. ಪೊಲೀಸು ಠಾಣೆಯೂ ಇದೆ. ಹರಪನಹಳ್ಳಿಯವರು ೧೯೯೭ರಿಂದ ೨೦೧೮ರವರೆಗೆ ದಾವಣಗೆರೆ ಜಿಲ್ಲೆಗೆ ಸೇರಿದ್ದ ಅಭ್ಯಾಸದಿಂದ ಅತ್ತ ಹೋಗಬೇಕಾಗಿಲ್ಲ. ೨೦೨೧ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯವು. ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ನೆಯ ಕಲಮಿನ ಮೇರೆಗೆ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಉಂಟು. ಕಳ್ಳನು ಸಿಕ್ಕುವುದು ಅಪರೂಪವಾದರೂ ದೂರಿನ ದಾಖಲೆ ಬೇಕು.

ಯಂತ್ರವನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದ ಮೇಲೆಯೇ ಉಳಿದ ಕಡತಗಳನ್ನು ಒಳಗೆ ತರಬೇಕು. ವಿಂಡೋಸಿನ ರಕ್ಷಕದಲ್ಲಿ, ಗೊತ್ತುಪಡಿಸಿದ ಕಡತಕೋಶಗಳನ್ನು ಅಪರಿಚಿತ ತಂತ್ರಾಂಶಗಳು ಮುಟ್ಟದಂತೆ ತಡೆಯುವ ಒಂದು ಏರ್ಪಾಡು ೨೦೧೭ರಿಂದಲೇ ಇದೆ. ತಾನಾಗಿ ಚಾಲೂ ಆಗಿರುವುದಿಲ್ಲ, ನಾವು ಮಾಡಿಕೊಳ್ಳಬೇಕು. ಮೀಸಲು ಪ್ರತಿಯ ವಿಷಯದಲ್ಲಿ ತಜ್ಞರ ಸೂತ್ರವೆಂದರೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಸದಾ ಚುಚ್ಚಿಕೊಂಡೇ ಇರುವ ಹೊರಡಿಸ್ಕು ಪ್ರತಿಯಲ್ಲ. ಅದಕ್ಕೂ ಅದೇ ಗಳಿಗೆಯಲ್ಲಿ ಬೀಗ ಬೀಳುತ್ತದೆ. ನಾವು ಈಗ ಎರಡು ಡಿಸ್ಕುಗಳನ್ನು ಇಟ್ಟುಕೊಂಡು, ಪ್ರತಿ ಶನಿವಾರ ಸಂಜೆ ಒಂದಕ್ಕೆ ನಕಲು ಮಾಡಿ, ತಂತಿ ಕಿತ್ತು, ಬೀರುವಿನಲ್ಲಿ ಇಡುತ್ತೇವೆ. ಇನ್ನೊಂದು ಹಗರಿಬೊಮ್ಮನಹಳ್ಳಿಯ ಮಿತ್ರರ ಮನೆಯಲ್ಲಿದೆ, ತಿಂಗಳಿಗೊಮ್ಮೆ ಅದಲುಬದಲು. ವರ್ಷಕ್ಕೆ ಎರಡು ಬಾರಿ ಆ ಪ್ರತಿಗಳನ್ನು ತೆರೆದೂ ನೋಡುತ್ತೇವೆ, ಏಕೆಂದರೆ ತೆರೆಯದ ಪ್ರತಿಯೂ ಇದ್ದೀತು.

ಬೀಗಬಿದ್ದ ಕಡತಗಳನ್ನು ನಾವು ಇನ್ನೂ ಎಸೆದಿಲ್ಲ. ಕಳ್ಳರ ಕೀಲಿಗಳು ವರ್ಷಗಳ ಬಳಿಕ ಬಯಲಾಗುವುದುಂಟು. ಶೇಡ್ ಎಂಬ ಜಾತಿಯನ್ನು ನಡೆಸುತ್ತಿದ್ದವರು ೨೦೨೦ರ ಏಪ್ರಿಲಿನಲ್ಲಿ ತಮ್ಮ ಉದ್ಯಮವನ್ನು ಮುಚ್ಚಿ ಏಳೂವರೆ ಲಕ್ಷ ಕೀಲಿಗಳನ್ನು ತಾವೇ ಪ್ರಕಟಿಸಿದರು. ಬಾಗಳಿ, ಅಂಬಳಿ, ನೀಲಗುಂದಗಳಿಗೆ ವಿದ್ಯಾರ್ಥಿಗಳೊಡನೆ ಮತ್ತೆ ಹೋಗಿ ಚಿತ್ರಗಳನ್ನು ತೆಗೆದು ಬಂದಿದ್ದೇವೆ. ಮಾಗಳ ಮತ್ತು ಕುರುವತ್ತಿಯ ಕೆಲಸ ಬರುವ ಬೇಸಗೆಗೆ. ದಾರಿಬದಿಯ ಆ ವೀರಗಲ್ಲಿನ ಚಿತ್ರವು ಮಾತ್ರ, ನಾಲ್ಕು ಅಕ್ಷರದ ಬಾಲದೊಂದಿಗೆ, ಆ ಹಳೆಯ ಡಿಸ್ಕಿನಲ್ಲಿಯೇ ಇದೆ.